ಹುಳದ ಮನೆಯಲ್ಲಿ ಸ್ಪ್ಯಾನಿಷ್ ಪರೀಕ್ಷೆ

“ಇವತ್ತಿಂದ ಆರೇ ಆರು ತಿಂಗಳು ಕಣೇ ಮಮತಾ! ನಾನು ಸ್ಪ್ಯಾನಿಷ್ ಮಾತಾಡೋದು ಕೇಳಿ ಸ್ಪೇನಿನೋರೇ ಬಂದು, ‘ಸ್ವಾಮಿ, ತಾವು ನಮ್ಮಲ್ಲಿ ಯಾವೂರೋರು’ ಅಂತ ಕೈ ಮುಗೀಬೇಕು. ಮುಗೀಲಿಲ್ಲ ಅಂದ್ರೆ ನನ್ನ ಹೆಸರು ಗೋವಿಂದರಾಜು ಅಲ್ಲ!”

“ಹೆಸರು ಬದಲಾಯಿಸೋಕೆ ಆಧಾರ್ ಕಾರ್ಡಿಗೆ ಓಡಾಡ್ಬೇಕಾಗ್ತದೆ ರೀ. ಮೊದ್ಲು ಮುದ್ದೆ ತಿನ್ನಿ, ಆರೋಗ್ತದೆ” ಎಂದಳು ಮಮತ.

ಹೆಂಡತಿ ಎಂದರೆ ಹೀಗೇ ನೋಡಿ. ಗಂಡ ಸಮುದ್ರ ಹಾರುತ್ತೇನೆಂದು ತೊಡೆ ತಟ್ಟಿ ನಿಂತರೆ, ಇವಳು ‘ಪಂಚೆ ಜೋಪಾನ’ ಎನ್ನುತ್ತಾಳೆ!

ಗೋವಿಂದರಾಜು ತೊಡೆ ತಟ್ಟುವುದಕ್ಕೆ ಕಾರಣವಿತ್ತು. ಅವನು ಸೋಂಪುರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಘಾಟಿ ಸುಬ್ರಹ್ಮಣ್ಯದ ಕಡೆಯ ತನ್ನ ಹಳ್ಳಿಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಅಲ್ಲಿಗೆ ಸ್ಪೇನ್ ದೇಶದಿಂದ ಹೊಸ ಯಂತ್ರಗಳು ಬಂದಿಳಿದವು. ಮ್ಯಾನೇಜರ್ ಅನಿಲ್‌ಕುಮಾರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಸ್ಪ್ಯಾನಿಷ್ ಮೊದಲನೇ ಪರೀಕ್ಷೆ ಯಾರು ಪಾಸ್ ಮಾಡ್ತೀರೋ ಅವರನ್ನ ಮೂರು ತಿಂಗಳ ಟ್ರೈನಿಂಗಿಗೆ ಸ್ಪೇನಿಗೇ ಕಳಿಸ್ತೀವಿ” ಎಂದರು. ಹೊಸ ವರ್ಷದೊಳಗೆ ಒಬ್ಬರು ತಯಾರಾಗಲೇಬೇಕು ಎಂದು ಮೇಲಿನವರು ಅವರ ಕುತ್ತಿಗೆಯ ಮೇಲೆ ಕೂತಿದ್ದರು.

ಗೋವಿಂದರಾಜು ಕೈಹಿಡಿದು ಕೆಲಸ ಕಲಿಸಿದ ಹುಡುಗರೆಲ್ಲ ಜರ್ಮನಿ, ಜಪಾನು ನೋಡಿಕೊಂಡು ಬಂದು, “ತಗೊಳ್ಳಿ ಗುರುಗಳೇ” ಎಂದು ಅವನಿಗೆ ಚಾಕಲೇಟು ಕೊಟ್ಟಿದ್ದರು. ಅವನು ಅದನ್ನು ಮನೆಗೆ ತಂದು ತಾಯಿಗೆ ಕೊಡುತ್ತಿದ್ದ. ದೇವನಹಳ್ಳಿಯಿಂದ ಎದ್ದ ವಿಮಾನಗಳು ಹೊತ್ತುಗೊತ್ತಿಲ್ಲದೆ ಅವನ ಹೆಂಚಿನ ಮೇಲೇ ಹಾರುತ್ತಿದ್ದವು. ಅಷ್ಟು ವಿಮಾನಗಳಲ್ಲಿ ಒಂದರಲ್ಲೂ ತನಗೊಂದು ಸೀಟಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ‘ಐಟಿಐ ಓದಿದವನಿಗೆ ಇಷ್ಟೇ’ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅವನಿಗೆ ಮಾತ್ರ ಕೇಳಿಸುತ್ತಿತ್ತು. ಈ ಸಲ ಬಿಡುವವನಲ್ಲ! ಹೊರದೇಶದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಗೆ ಸೇರಿಯೇಬಿಟ್ಟ.

ಸ್ಪ್ಯಾನಿಷ್ ಅವನಿಗೆ ಅ ಆ ಇ ಈ ಕೂಡ ಗೊತ್ತಿರಲಿಲ್ಲ. ಆದರೇನು? ಮೊದಲ ವಾರ ‘ಓಲಾ’ ಎಂದರೆ ನಮಸ್ಕಾರ ಎಂದು ಕಲಿತು, ದನಕ್ಕೂ ಓಲಾ, ಹಾಲಿನ ಡೈರಿಯವನಿಗೂ ಓಲಾ. ಎರಡನೇ ತಿಂಗಳಿಗೆ ಹೋಟೆಲ್ ಪಾಠ ಬಂತು. ‘ಇಬ್ಬರಿಗೆ ಒಂದು ಟೇಬಲ್ ಬೇಕಾಗಿತ್ತು’ ಎಂಬ ವಾಕ್ಯವನ್ನು ಬಚ್ಚಲಲ್ಲಿ, ಹಿತ್ತಲಲ್ಲಿ, ಬೈಕಿನ ಮೇಲೆ ಎಲ್ಲೆಂದರಲ್ಲಿ ಉರುಹೊಡೆದ. ಅರ್ಥ ತಿಳಿದುಕೊಂಡ ಮಮತ ಒಂದು ದಿನ ಕೇಳಿಯೇಬಿಟ್ಟಳು.

“ಇಷ್ಟು ದಿನದಿಂದ ಇಬ್ಬರಿಗೆ ಟೇಬಲ್ ಕೇಳ್ತಾನೇ ಇದೀರ. ನನ್ನನ್ನ ದೊಡ್ಡಬಳ್ಳಾಪುರದ ಹೋಟ್ಲಿಗೂ ಕರ್ಕೊಂಡು ಹೋಗಿಲ್ಲ. ಆ ಇನ್ನೊಬ್ಬರು ಯಾರು ಅಂತ ತಿಳ್ಕೋಬಹುದಾ?”

“ಅದು ಪಾಠ ಕಣೇ!”

“ಪಾಠ ಯಾರಿಗೆ ಅಂತ ಆಮೇಲೆ ನೋಡೋಣ.”

ಪರಿಚಯದ ಪಾಠದಲ್ಲಂತೂ ಗೋವಿಂದರಾಜು ಮಹಾ ಜಾಣತನ ತೋರಿಸಿದ. ಪುಸ್ತಕದಲ್ಲಿದ್ದ ಮಾದರಿ ಉತ್ತರವನ್ನೇ ಹೆಸರೊಂದು ಬದಲಾಯಿಸಿ ಗಿಳಿಪಾಠ ಮಾಡಿದ. ‘ನಾನು ಗೋವಿಂದರಾಜು. ಮ್ಯಾಡ್ರಿಡ್ ನಗರದಲ್ಲಿ ವಾಸ. ಒಂದು ನಾಯಿ, ಎರಡು ಬೆಕ್ಕು ಸಾಕಿದ್ದೇನೆ. ಸಂಜೆ ಪಿಯಾನೊ ನುಡಿಸುತ್ತೇನೆ.’

ಹೀಗೆ ಡಿಸೆಂಬರ್ ಬಂತು. ಬಾಯಿಮಾತಿನ ಪರೀಕ್ಷೆಯ ದಿನಾಂಕವೂ ಬಂತು. ಜೊತೆಗೆ ನಿಯಮಗಳು ಬಂದವು. ಕೊಠಡಿಯಲ್ಲಿ ಅಭ್ಯರ್ಥಿ ಒಬ್ಬನೇ ಇರಬೇಕು. ಇನ್ನೊಬ್ಬರ ನೆರಳೂ ಬೀಳಕೂಡದು, ದನಿಯೂ ಕೇಳಕೂಡದು. ಕುರ್ಚಿ ಬಿಟ್ಟು ಏಳಕೂಡದು. ಕ್ಯಾಮೆರಾದಲ್ಲಿ ಒಬ್ಬ ಕಾವಲಿನವನು ನೋಡುತ್ತಿರುತ್ತಾನೆ. ಮೂರು ಎಚ್ಚರಿಕೆ ಬಿದ್ದರೆ ಪರೀಕ್ಷೆ ರದ್ದು, ಆರು ತಿಂಗಳು ಮತ್ತೆ ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಸ್ಪೇನಿನ ಸೀಟು ಇನ್ನೊಬ್ಬನ ಪಾಲು!

ಆದರೆ ಅವನ ಮನೆಯಲ್ಲಿ ಒಬ್ಬನೇ ಕೂರುವುದೆಂದರೆ ಸಂತೆಯಲ್ಲಿ ಧ್ಯಾನ ಮಾಡಿದಂತೆ. ನಡುಮನೆಯಲ್ಲಿ ತಾಯಿ ಮಾರಕ್ಕನ ಧಾರಾವಾಹಿ. ಅಡುಗೆಮನೆಯಲ್ಲಿ ಮಿಕ್ಸಿ. ಜಗಲಿಯಲ್ಲಿ ಪಕ್ಕದ ಮನೆ ಮುನಿವೆಂಕಟಮ್ಮ. ಈಯಮ್ಮ ಸಾವಿನ ಮನೆಯಲ್ಲೂ ಬಾಯಿ ಮುಚ್ಚಿದ ದಾಖಲೆಯಿಲ್ಲ.

ಆಗ ಅವನಿಗೆ ಹೊಳೆದದ್ದೇ ಹುಳದ ಮನೆ! ಹಿತ್ತಲಲ್ಲಿ ಮಮತ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ. ಅಲ್ಲಿಗೆ ಕಂಡಕಂಡವರು ಹೋಗುವಂತಿಲ್ಲ. ಕಾಲು ತೊಳೆದು, ಸುಣ್ಣದ ಪುಡಿ ತುಳಿದೇ ಒಳಗೆ ಕಾಲಿಡಬೇಕು. ಹುಳ ಆಗ ನಾಲ್ಕನೇ ಜ್ವರದಿಂದ ಎದ್ದಿತ್ತು. ಅಂದರೆ ಕೊನೆಯ ಸಲ ಪೊರೆ ಬಿಟ್ಟು ಸೊಪ್ಪು ಮೇಯುವುದರಲ್ಲಿ ಮುಳುಗಿತ್ತು. ಅಷ್ಟು ಹುಳ ಒಟ್ಟಿಗೆ ಮೇದರೆ ಜಡಿಮಳೆ ಹಿಡಿದಂತೆ ಸರಸರ ಸದ್ದು, ಅಷ್ಟೇ.

“ಪರೀಕ್ಷೆ ಶನಿವಾರ ಮಧ್ಯಾಹ್ನ ತಾನೇ? ಹುಳ ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡೋದು ಭಾನುವಾರ. ಹೋಗ್ಲಿ, ಕೂತ್ಕೊಳ್ಳಿ” ಎಂದು ಮಮತ ಅಪ್ಪಣೆ ಕೊಟ್ಟಳು. “ಆದ್ರೆ ಏನನ್ನೂ ಮುಟ್ಬೇಡಿ!”

ಮುಟ್ಟಬೇಡಿ ಎಂದರೆ ಗಂಡಸಿನ ಕೈ ಸುಮ್ಮನಿರುತ್ತದೆಯೇ? ಗುರುವಾರದಿಂದಲೇ ರಜೆ ಹಾಕಿ ಅಲ್ಲಿ ಠಿಕಾಣಿ ಹೂಡಿದ ಗೋವಿಂದರಾಜುವಿಗೆ ಚಳಿ. ಹಲ್ಲು ಕಟಕಟ ಅಂದರೆ ಸ್ಪ್ಯಾನಿಷ್ ಹೊರಡುವುದೆಲ್ಲಿಂದ? ಮೂಲೆಯಲ್ಲಿ ಹುಳಕ್ಕೆಂದು ಹೀಟರ್ ಇತ್ತು. ಅದರ ಗುಂಡಿಯನ್ನು ಒಂದಿಷ್ಟು ತಿರುಗಿಸಿದ. ಹಿತವಾಯಿತು. ಇನ್ನೊಂದಿಷ್ಟು ತಿರುಗಿಸಿದ. ಕಿಟಕಿಗೆ ಗೋಣಿಚೀಲ ಇಳಿಬಿಟ್ಟ. ಮಮತ ಸೊಪ್ಪು ಹಾಕಲು ಬರುವ ಹೊತ್ತಿಗೆ ಎಲ್ಲ ಮೊದಲಿನಂತೆ ಮಾಡಿಟ್ಟು, ಅವಳು ಹೋದ ಮೇಲೆ ಮತ್ತೆ ಏರಿಸುತ್ತಿದ್ದ. ಸ್ಪೇನ್ ಬೆಚ್ಚನೆಯ ದೇಶವಂತೆ, ಈಗಲೇ ಅಭ್ಯಾಸವಾಗಲಿ ಎಂದುಕೊಂಡ! ಶಾಖ ಹೆಚ್ಚಾದರೆ ಹುಳ ಬೇಗ ಹಣ್ಣಾಗುತ್ತದೆ ಎಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಆದರೆ ತಲೆಯಲ್ಲಿ ಕ್ರಿಯಾಪದಗಳು ತುಂಬಿಕೊಂಡಿದ್ದವು, ಬೇರೆಯದಕ್ಕೆ ಜಾಗವಿರಲಿಲ್ಲ.

ಶನಿವಾರ ಬಂತು. ಗೋವಿಂದರಾಜು ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿ, ಚಿಲಕ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ಕಾವಲಿನವನ ಮುಖ ಕಾಣಲಿಲ್ಲ, ಇಂಗ್ಲಿಷಿನ ದನಿ ಮಾತ್ರ ಬಂತು. ಅವನು ಹೇಳಿದಂತೆ ನಾಲ್ಕು ಗೋಡೆ, ಮೇಜಿನ ಕೆಳಗೆ, ತನ್ನ ಎರಡು ಕಿವಿ ಎಲ್ಲವನ್ನೂ ತೋರಿಸಿದ್ದಾಯಿತು.

“ಆ ಅಟ್ಟಣೆಗಳ ಮೇಲೆ ಬೆಳ್ಳಗೆ ಅಲುಗಾಡುತ್ತಿರುವುದೇನು, ಸರ್?”

“ರೇಷ್ಮೆ ಹುಳ.”

“ಎಷ್ಟಿವೆ?”

“ನಲವತ್ತು ಸಾವಿರ ಇರಬಹುದು.”

“ಮನುಷ್ಯರು ಯಾರೂ ಇಲ್ಲವಷ್ಟೇ? ನಿಯಮ ಮನುಷ್ಯರಿಗೆ ಮಾತ್ರ. ಮುಂದುವರಿಯಿರಿ.”

ಪರದೆಯಲ್ಲಿ ಪರೀಕ್ಷಕಿ ಪಿಲಾರ್ ಮೇಡಂ ಪ್ರತ್ಯಕ್ಷರಾದರು. ಕನ್ನಡಕ, ಗುಂಗುರು ಕೂದಲು, ಗಂಟುಮುಖ. ತಮ್ಮ ಬಗ್ಗೆ ಹೇಳಿ ಎಂದರು, ನಿಧಾನವಾಗಿ, ಸ್ಪ್ಯಾನಿಷಿನಲ್ಲಿ. ಗೋವಿಂದರಾಜು ಗಂಟಲು ಸರಿಮಾಡಿಕೊಂಡು ಮ್ಯಾಡ್ರಿಡ್, ನಾಯಿ, ಬೆಕ್ಕು ಒಂದನ್ನೂ ಬಿಡದೆ ಸುರಿದ. ಆಗಲೇ ಏನೋ ಬದಲಾದಂತೆನಿಸಿತು. ಕೋಣೆ ನಿಶ್ಶಬ್ದವಾಗಿತ್ತು. ಸರಸರ ಸದ್ದು ನಿಂತುಹೋಗಿತ್ತು! ಆಹಾ, ನನ್ನ ವಾಗ್ಝರಿಗೆ ಹುಳಗಳೂ ಬೆರಗಾಗಿ ಮೇವು ಬಿಟ್ಟವಲ್ಲ ಎಂದು ಒಂದು ಕ್ಷಣ ಉಬ್ಬಿಹೋದ.

ಮರುಕ್ಷಣವೇ ನಿಜಸಂಗತಿ ಹೊಳೆಯಿತು. ಹುಳ ಮೇವು ಬಿಟ್ಟಿತೆಂದರೆ ಹಣ್ಣಾಯಿತೆಂದೇ ಅರ್ಥ! ಕಣ್ಣಂಚಿನಲ್ಲಿ ನೋಡಿದ. ಹುಳಗಳು ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ, ನೂಲು ಬಿಡಲು ಜಾಗ ಹುಡುಕುತ್ತ ಹರಿದಾಡುತ್ತಿದ್ದವು. ಒಂದು ಲ್ಯಾಪ್‌ಟಾಪಿನ ಅಂಚನ್ನೇ ಹತ್ತುತ್ತಿತ್ತು. ಹಣ್ಣಾದ ಹುಳ ಯಾರಪ್ಪನಿಗೂ ಕಾಯುವುದಿಲ್ಲ. ಆಗಿಂದಾಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೋಡೆಗೊರಗಿಸಿಟ್ಟ ಆಳೆತ್ತರದ ಬಿದಿರಿನ ಚಾಪೆಗೆ ಬಿಡಬೇಕು. ಇಲ್ಲದಿದ್ದರೆ ಸೊಪ್ಪಿನ ಕಡ್ಡಿಗೆ, ಗೋಡೆಗೆ, ಒಂದಕ್ಕೊಂದು ಗೂಡು ಸುತ್ತಿಕೊಂಡು ಬೆಳೆಯೆಲ್ಲ ಹಾಳು.

ಕಿಟಕಿಯ ಗೋಣಿಚೀಲ ಸರಿಯಿತು. ಮಮತಳ ಮುಖ ಕಾಣಿಸಿತು. ಕಣ್ಣು ಹುಳದ ಮೇಲೆ ಬಿದ್ದದ್ದೇ ತಡ, ಆ ಮುಖದಲ್ಲಿ ಕಾಳಿ ಬಂದು ಕೂತಳು. ದನಿಯಿಲ್ಲದೆ ತುಟಿ ಮಾತ್ರ ಆಡಿತು: “ತೆಗೀರಿ ಬಾಗ್ಲು!”

ಗೋವಿಂದರಾಜು ಕಣ್ಣಲ್ಲೇ ಕೈಮುಗಿದ. ಏಳುವ ಹಾಗಿಲ್ಲ ಕಣೇ!

ಮಮತ ಬೆರಳೆತ್ತಿ ತೋರಿಸಿದಳು. ಏಳದಿದ್ದರೆ ನಿಮ್ಮನ್ನೂ ಚಂದ್ರಿಕೆಗೆ ಹಾಕ್ತೀನಿ ಎಂಬ ಅರ್ಥ ಅದಕ್ಕಿತ್ತು.

ಬಾಗಿಲು ಎಡಗಡೆ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿತ್ತು. ಚಿಲಕ ಕೆಳಗಿತ್ತು. ಗೋವಿಂದರಾಜು ಕುರ್ಚಿಯಲ್ಲೇ ಮೆಲ್ಲಗೆ ಜಾರಿದ. ಬಾಯಲ್ಲಿ ‘ನನಗೆ ಸಂಗೀತ ಇಷ್ಟ’, ಕಾಲಿನ ಹೆಬ್ಬೆರಳಲ್ಲಿ ಚಿಲಕ! ಮುಖ ಗಲ್ಲದವರೆಗೆ ಮುಳುಗಿತು, ಮೂಗಿನವರೆಗೆ ಮುಳುಗಿತು, ಹಣೆಯ ವಿಭೂತಿ ಮಾತ್ರ ಪರದೆಯಲ್ಲಿ ಉಳಿಯಿತು. ಚಿಲಕ ಜಾರಿತು.

“ಸರ್, ನಿಮ್ಮ ಮುಖ ಕಾಣುತ್ತಿಲ್ಲ. ಇದು ಮೊದಲನೇ ಎಚ್ಚರಿಕೆ.”

ಬಾಗಿಲು ಸದ್ದಿಲ್ಲದೆ ತೆರೆಯಿತು. ಒಬ್ಬಳೇ ಮಮತ ಬರುತ್ತಾಳೆಂದುಕೊಂಡರೆ, ಹಿಂದೆ ತಾಯಿ ಮಾರಕ್ಕ, ಅವಳ ಹಿಂದೆ ಎದುರುಮನೆ ವರಲಕ್ಷ್ಮಮ್ಮ, ಅವಳ ಹಿಂದೆ ಅಯ್ಯೋ ಶಿವನೇ, ಮುನಿವೆಂಕಟಮ್ಮ! ಒಟ್ಟು ಏಳು ಹೆಂಗಸರು. ಒಬ್ಬರ ಮನೆ ಹುಳ ಹಣ್ಣಾದರೆ ಬೀದಿಯವರೆಲ್ಲ ಇದ್ದ ಕೆಲಸ ಬಿಟ್ಟು ಮುಯ್ಯಾಳಾಗಿ ಬರುವುದು ಊರ ಪದ್ಧತಿ. ಇವತ್ತು ನಿಮ್ಮದು, ನಾಳೆ ನಮ್ಮದು. ಬಂದವರನ್ನು ಬೇಡ ಎನ್ನುವುದು ಆ ಊರಲ್ಲಿ ಹುಟ್ಟಿದವರು ಮಾಡುವ ಕೆಲಸವಲ್ಲ.

ಗೋವಿಂದರಾಜು ಚಿಲಕದೊಡನೆ ಗುದ್ದಾಡುವಷ್ಟರಲ್ಲಿ ಮಮತ ಬೀದಿಯವರನ್ನು ಕರೆದು, ಬಾಯಿ ಬಿಡಕೂಡದೆಂದು ಹೊರಗೇ ಎಲ್ಲರಿಗೂ ಆಣೆ ಹಾಕಿಸಿದ್ದಳು. ಏಳೂ ಜನ ಬಳೆ ಮೇಲಕ್ಕೇರಿಸಿ, ಸೆರಗು ಸೊಂಟಕ್ಕೆ ಬಿಗಿದು, ಬೆನ್ನು ಬಗ್ಗಿಸಿ ಕ್ಯಾಮೆರಾ ತಪ್ಪಿಸಿಕೊಂಡು ಒಳಗೆ ಹರಿದರು. ಹುಳ ಆಯತೊಡಗಿದರು. ಒಂದು ಮಾತಿಲ್ಲ! ಮುನಿವೆಂಕಟಮ್ಮನ ಬಾಯಿ ಮುಚ್ಚಿತ್ತು, ಕೆನ್ನೆ ಮಾತ್ರ ಒಳಗೆ ಮಾತು ತುಂಬಿಕೊಂಡು ಊದಿತ್ತು. ಯಾವಾಗ ಒಡೆಯುತ್ತದೋ ಎಂದು ಗೋವಿಂದರಾಜು ಮನಸ್ಸಿನಲ್ಲೇ ಹರಕೆ ಹೊತ್ತ.

“ಮ್ಯಾಡ್ರಿಡ್‌ನಲ್ಲಿ ಯಾವ ಬಡಾವಣೆ ನಿಮ್ಮದು?” ಎಂದರು ಪಿಲಾರ್ ಮೇಡಂ.

ಪುಸ್ತಕದಲ್ಲಿ ಬಡಾವಣೆ ಇರಲಿಲ್ಲ. ಗೋವಿಂದರಾಜುವಿನ ಕಣ್ಣು ಗಾಬರಿಯಲ್ಲಿ ಎಡಕ್ಕೆ ಹೊರಳಿತು. ಅಲ್ಲಿ ಮಾರಕ್ಕ, ಮಗನಿಗೆ ಪಾಪ ಧೈರ್ಯ ಬರಲಿ ಎಂದು ಎರಡೂ ಕೈ ಎತ್ತಿ ಆಶೀರ್ವಾದ ಮಾಡುತ್ತಿದ್ದಳು.

“ಸರ್, ಪಕ್ಕಕ್ಕೆ ನೋಡುತ್ತಿದ್ದೀರಿ. ಎರಡನೇ ಎಚ್ಚರಿಕೆ.”

ಇನ್ನೊಂದೇ! ಗೋವಿಂದರಾಜು ಕಣ್ಣನ್ನು ಪರದೆಗೆ ಮೊಳೆ ಹೊಡೆದಂತೆ ನೆಟ್ಟ. ಅಷ್ಟರಲ್ಲಿ ಮೇಲಿನ ತೊಲೆಯಿಂದ ಹಣ್ಣು ಹುಳವೊಂದು ತಪ್ಪೆಂದು ಅವನ ಹೆಗಲಿಗೆ ಬಿತ್ತು. ಅಂಗಿಯ ಕಾಲರು ಹಿಡಿಸಿತೋ ಏನೋ, ಅಲ್ಲೇ ತಲೆಯಾಡಿಸಿ ನೂಲು ಬಿಡಲು ಶುರುಮಾಡಿತು.

ಪಿಲಾರ್ ಮೇಡಂ ಕನ್ನಡಕ ಮೇಲೇರಿಸಿ ಮುಂದೆ ಬಾಗಿದರು. “ಅದೇನು?”

ಮಾದರಿ ಉತ್ತರ ಕೈಕೊಟ್ಟಿತು. ನಾಯಿ ಬೆಕ್ಕು ಪಿಯಾನೊ ಯಾವುದೂ ನೆರವಿಗೆ ಬರಲಿಲ್ಲ. ಗೋವಿಂದರಾಜು ಬಾಯಿಗೆ ಬಂದ ಪದ ಬಂದಂತೆ ಹೇಳಿದ. “ಹುಳ. ಚಿಕ್ಕ ಪ್ರಾಣಿ. ಎಲೆ ತಿನ್ನುತ್ತದೆ. ತುಂಬಾ ತಿನ್ನುತ್ತದೆ. ಈಗ ತಿನ್ನುವುದಿಲ್ಲ. ಈಗ ಮನೆ ಕಟ್ಟುತ್ತದೆ.”

“ಎಲ್ಲಿ?”

“ನನ್ನ ಅಂಗಿಯಲ್ಲಿ.”

“ಯಾರು ಸಾಕುತ್ತಾರೆ?”

“ನನ್ನ ಹೆಂಡತಿ. ಹೆಂಡತಿಗೆ ಈಗ ಕೋಪ. ಬಹಳ ಕೋಪ. ನನಗೆ ಭಯ.”

ಪಿಲಾರ್ ಮೇಡಂ ಗೊಳ್ಳೆಂದು ನಕ್ಕರು! ಇನ್ನೂ ಕೇಳಿದರು. ಇವನು ಇನ್ನೂ ಹೇಳಿದ. ಮ್ಯಾಡ್ರಿಡ್ ಸುಳ್ಳು, ನನ್ನ ಊರು ಸಣ್ಣದು, ಮೇಲೆ ವಿಮಾನ ಹೋಗುತ್ತದೆ, ನಾನು ಒಂದು ದಿನವೂ ಹತ್ತಿಲ್ಲ ಎಂದ. ಅವನು ಆಡಿದ ಮಾತು ಅಷ್ಟು ದೂರದ ಹೆಂಗಸಿಗೆ ಅರ್ಥವಾಗುತ್ತಿತ್ತು! ಅವರು ತಲೆದೂಗಿ, “ಬಹಳ ಚೆನ್ನಾಗಿದೆ, ಕೊನೆಯ ಒಂದು ಪ್ರಶ್ನೆ” ಎಂದರು. ಗೋವಿಂದರಾಜುವಿಗೆ ವಿಮಾನದ ಮೆಟ್ಟಿಲು ಕಣ್ಣಿಗೆ ಕಂಡಿತು.

ಆದರೆ ಹುಟ್ಟಿದಾಗಿನಿಂದ ಹುಳ ಸಾಕಿದವರ ಕಣ್ಣೆದುರು ಹಣ್ಣು ಹುಳವೊಂದು ಕಾಲರಿಗೆ ನೂಲು ಸುರಿದು ದಂಡವಾಗುತ್ತಿದ್ದರೆ ಕೈ ಸುಮ್ಮನಿರುವುದಿಲ್ಲ. ಅದು ರಕ್ತದಲ್ಲಿ ಬಂದದ್ದು. ಅವನ ಹೆಗಲ ಹಿಂದಿನಿಂದ ಹಸಿರು ಬಳೆ ತೊಟ್ಟ ಕೈಯೊಂದು ಮೆಲ್ಲಗೆ ಎದ್ದು ಬಂತು. ಎರಡು ಬೆರಳಲ್ಲಿ ಹುಳವನ್ನು ನಾಜೂಕಾಗಿ ಎತ್ತಿಕೊಂಡಿತು. ಮೆಲ್ಲಗೆ ಕೆಳಗಿಳಿದು ಮಾಯವಾಯಿತು. ಮುನಿವೆಂಕಟಮ್ಮನ ಕೈ!

“ಸರ್! ಅದು ಯಾರ ಕೈ?”

“ನನ್ನದೇ” ಎಂದ ಗೋವಿಂದರಾಜು, ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು.

“ಈಗಲೇ ಕ್ಯಾಮೆರಾ ತಿರುಗಿಸಿ ಕೊಠಡಿ ತೋರಿಸಿ.”

ಇಂಗ್ಲಿಷ್ ಬಾರದಿದ್ದರೂ ಎಲ್ಲರಿಗೂ ದನಿಯ ಗತ್ತು ತಿಳಿಯಿತು. ಮಮತ ಕಣ್ಸನ್ನೆ ಮಾಡಿದಳು. ಏಳೂ ಜನ ಗೋಡೆಗೊರಗಿಸಿದ್ದ ಚಂದ್ರಿಕೆಗಳ ಹಿಂದೆ ಸರಕ್ಕನೆ ಸೇರಿಕೊಂಡರು. ಗೋವಿಂದರಾಜು ಲ್ಯಾಪ್‌ಟಾಪ್ ಎತ್ತಿ ತಿರುಗಿಸಿದ. ಅಟ್ಟಣೆ. ಗೋಡೆ. ಚಂದ್ರಿಕೆ. ಯಾರೂ ಇಲ್ಲ! ಅಬ್ಬಾ, ಘಾಟಿ ಸುಬ್ರಹ್ಮಣ್ಯನೇ ಕಾಪಾಡಿದ!

“ಸರ್,” ಎಂದಿತು ದನಿ, “ಆ ಚಾಪೆಗಳಿಗೆ ಕಾಲುಂಗುರ ಏಕಿದೆ?”

ಚಂದ್ರಿಕೆಗಳ ಕೆಳಗೆ ಸುಣ್ಣದ ಪುಡಿ ಮೆತ್ತಿದ ಪಾದಗಳು ಸಾಲಾಗಿ ನಿಂತಿದ್ದವು. ಆ ಗಳಿಗೆಯಲ್ಲೇ ಮುನಿವೆಂಕಟಮ್ಮನ ಕೆನ್ನೆ ಒಡೆಯಿತು. “ಅಯ್ಯೋ ಸಾಕು ಬಿಡ್ರವ್ವ, ಉಸ್ರು ಕಟ್ತದೆ! ಯಾವನವ್ನು, ನಮ್ ಕಾಲ್ ನೋಡೋನು?”

ದನಿ ತೀರ್ಪು ಓದಿತು. ಅಭ್ಯರ್ಥಿಗೆ ಸ್ಪ್ಯಾನಿಷ್ ಉತ್ತರ ಹೇಳಿಕೊಡಲು ಏಳು ಮಂದಿ ಮಹಿಳೆಯರು ಕೊಠಡಿಯಲ್ಲಿ ಅಡಗಿದ್ದರು, ಪರೀಕ್ಷೆ ರದ್ದು, ಕಾರ್ಖಾನೆಗೂ ತಿಳಿಸಲಾಗುವುದು! ಪಿಲಾರ್ ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

“ಏನಂದ ಅವ್ನು?” ಎಂದಳು ಮುನಿವೆಂಕಟಮ್ಮ.

“ನೀವೆಲ್ಲ ನನಗೆ ಸ್ಪ್ಯಾನಿಷ್ ಹೇಳ್ಕೊಡ್ತಿದ್ರಂತೆ!” ಎಂದು ಗೋವಿಂದರಾಜು ಸೊಪ್ಪಿನ ಕಡ್ಡಿಗಳ ರಾಶಿಯ ಮೇಲೆ ಕುಸಿದ. ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಮಾರಕ್ಕ ಅವನ ಕೈಗೆ ತಟ್ಟೆ ಕೊಟ್ಟು, “ಆಮ್ಯಾಕೆ ಅಳ್ವಂತೆ ಕಣ್ಲಾ ಮಗ, ಈಗ ಹುಳ ಆಯಿ” ಎಂದಳು. ಆಯ್ದ.

ಸಂಜೆಯ ಹೊತ್ತಿಗೆ ಹುಳವೆಲ್ಲ ಚಂದ್ರಿಕೆ ಸೇರಿತ್ತು. ಬೆಳೆ ಉಳಿಯಿತು. ಮಮತ ಗುಡಿಸುತ್ತ ಮೂಲೆಗೆ ಹೋದವಳು ಅಲ್ಲೇ ನಿಂತಳು.

“ರೀ, ಈ ಹೀಟರ್ ಕಡೇವರೆಗೂ ತಿರುಗಿಸಿದ್ದು ಯಾರು?”

ಗೋವಿಂದರಾಜು ತೊಲೆ ನೋಡಿದ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಹತ್ತಿರ ಬಂದು ಕೂತು ಮೆಲ್ಲಗೆ, “ಕೊನೇಲಿ ಆಯಮ್ಮನ ಹತ್ರ ಏನೋ ಹೇಳಿದ್ರಲ್ಲ, ನಂಗೊಂದು ಪದ ಅರ್ಥ ಆಗ್ಲಿಲ್ಲ, ಆದ್ರೂ ಕೇಳೋಕೆ ಚೆನ್ನಾಗಿತ್ತು ರೀ” ಎಂದಳು. ಅವನಿಗೆ ಮತ್ತೆ ಅಳು ಬಂತು.

ಇತ್ತ ಹಾಲಿನ ಡೈರಿಯ ಮುಂದೆ ಮುನಿವೆಂಕಟಮ್ಮ ಕಟ್ಟಿದ್ದ ಬಾಯಿಗೆಲ್ಲ ಬಡ್ಡಿ ತೀರಿಸುತ್ತಿದ್ದಳು. “ಗೋವಿಂದರಾಜಂಗೆ ಆ ಬಾಸೆ ಹೇಳ್ಕೊಟ್ಟಿದ್ದು ನಾವೇ ಕಣ್ರೋ! ನಾನಂದಿದ್ದಲ್ಲ, ಫಾರಿನ್ ಇಸ್ಕೂಲ್ನೋರೇ ಕಂಡಿಡಿದವ್ರೆ!”

“ಎಲ್ಲಿ ಕಲ್ತ್ಯವ್ವ ನೀನು?” ಎಂದ ಹಾಲು ಹಾಕಲು ಬಂದಿದ್ದ ದೊಡ್ಡಬೀರಪ್ಪ.

“ಎಲ್ಲಾನೂ ಹೇಳ್ಕಂಡ್ ಕಲೀತಾರೇನ್ಲಾ?”

ಸೋಮವಾರ ಗೋವಿಂದರಾಜು ತಲೆ ತಗ್ಗಿಸಿಕೊಂಡು ಮ್ಯಾನೇಜರ್ ಮುಂದೆ ನಿಂತ. ವಿಶ್ವವಿದ್ಯಾಲಯದವರಿಂದ ವಿಷಯ ಆಗಲೇ ಬಂದಿತ್ತು. ಅನಿಲ್‌ಕುಮಾರ್ ಎರಡು ಸಲ ನಿಟ್ಟುಸಿರು ಬಿಟ್ಟರು.

“ಏನ್ರೀ ಗೋವಿಂದರಾಜು, ಹಿಂಗ್ ಮಾಡ್ಬಿಟ್ರಲ್ಲ! ಇನ್ನು ನಿಮ್ಮನ್ನ ಕಳ್ಸೋಕಾಗಲ್ಲ, ನನ್ನ ಕೈಲಿಲ್ಲ ಅದು.”

“ಗೊತ್ತು ಸಾರ್. ಆದ್ರೆ ಆ ಹೆಂಗಸ್ರು...”

“ಅದೇ ಅದೇ, ಅವರ ವಿಷ್ಯಕ್ಕೇ ಬಂದೆ.” ಅನಿಲ್‌ಕುಮಾರ್ ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. “ಮೇಲಿನೋರು ನನ್ನ ಪ್ರಾಣ ತಿಂತಾವ್ರೆ, ಯಾರನ್ನಾದ್ರೂ ಕಳ್ಸಲೇಬೇಕು. ಆ ಏಳು ಜನದಲ್ಲಿ ಯಾರ ಹತ್ರನಾದ್ರೂ ಪಾಸ್‌ಪೋರ್ಟ್ ಇದೆಯೇನ್ರೀ?”